ನೀಲಗಿರಿಗೆ ಕೊಟ್ಟ ಒಂದೂವರೆ ವರ್ಷ

ಆಗುವುದಿಲ್ಲ ಎಂದು ಮೂರು ಸಲ ಹೇಳಿದೆ. ನಾಲ್ಕನೆಯ ಸಲವೂ ಹೇಳುವಷ್ಟು ತ್ರಾಣ ಇದ್ದಿದ್ದರೆ ಈ ಕೆಲಸ ನನ್ನ ಕೈಗೆ ಬರುತ್ತಲೇ ಇರಲಿಲ್ಲ.

ಸಂಕ್ರಾಂತಿ ಮುಗಿದ ವಾರ. ವಿಜಯಪುರದ ನನ್ನ ಅಂಗಡಿಯಲ್ಲಿ ಕಾರ್ಖಾನೆಯಿಂದ ಸಿದ್ಧವಾಗಿ ಬಂದ ಬಾಗಿಲುಗಳಿಗೆ ಬಿಜಾಗರಿ ಕೂರಿಸುತ್ತಿದ್ದೆ. ಕೆಲವು ವರ್ಷಗಳಿಂದ ಹೆಚ್ಚುಕಡಿಮೆ ಅದೇ ಕೆಲಸ. ಯಾರೋ ಎಲ್ಲೋ ಮಾಡಿದ ಬಾಗಿಲಿಗೆ ನಾಲ್ಕು ಸ್ಕ್ರೂ ಬಿಗಿಯುವುದು. ಬಲ ಭುಜ ಆಗಲೇ ನೋಯಲು ಶುರುವಾಗಿತ್ತು. ಉಳಿ ಹಿಡಿದು ಒಂದು ಕೂಡಿಕೆ ಕೊರೆದು ಎಷ್ಟು ತಿಂಗಳಾಗಿತ್ತೋ ನೆನಪಿಲ್ಲ.

ಕಳ್ಳಕವಟಗಿಯಿಂದ ಒಬ್ಬ ನಿವೃತ್ತ ನರ್ಸ್ ಬಂದರು. ಊರಿನವರೆಲ್ಲ ಅವರನ್ನು ಸಿಸ್ಟರ್ ಎನ್ನುತ್ತಾರೆ. ನಾನೂ ಹಾಗೇ ಕರೆದೆ. ಕೈಯಲ್ಲಿ ನೋಟುಬುಕ್ಕಿನ ಒಂದು ಹಾಳೆ. ಔಷಧದ ಚೀಟಿಯಂತಲ್ಲದೆ, ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: ಎರಡು ಬಾಗಿಲು, ಆರು ಕಿಟಕಿ, ಆರು ಉದ್ದನೆಯ ಮೇಜು, ಹನ್ನೆರಡು ಬೆಂಚು. ಅವರ ಓಣಿಯ ಬುದ್ಧವಿಹಾರಕ್ಕೆ ಹೊಂದಿಕೊಂಡು ಒಂದು ಓದುವ ಮನೆ ಏಳುತ್ತಿತ್ತು. ಪರೀಕ್ಷೆಗೆ ಓದುವ ಹುಡುಗಿಯರು ಪುಸ್ತಕ ಹಿಡಿದು ಹೊನವಾಡದ ಬಸ್ಸಿಗೆ, ಅಲ್ಲಿಂದ ವಿಜಯಪುರಕ್ಕೆ ಅಲೆಯುವುದು ತಪ್ಪಲಿ ಎಂದು ಓಣಿಯವರು ಸೇರಿ ಕಟ್ಟಿಸುತ್ತಿದ್ದರು.

"ಕಟ್ಟಿಗಿ ನಮ್ದ ಐತ್ರಿ ಬಡಿಗ್ಯಾರ. ಹನ್ನೊಂದ ನೀಲಗಿರಿ ಗಿಡಾ," ಅಂದರು.

"ನೀಲಗಿರಿ ಕಿಡಕಿಗೆ ಬರೂದಿಲ್ರಿ ಸಿಸ್ಟರ್. ಸೀಳತೈತಿ, ತಿರುವತೈತಿ. ಸ್ಲ್ಯಾಬ್ ಹಾಕುವಾಗ ಕೆಳಗ ನಿಂದರಸಾಕ, ದ್ರಾಕ್ಷಿ ಚಪ್ಪರಕ್ಕ, ಇಟ್ಟಂಗಿ ಭಟ್ಟಿಗೆ, ಇಷ್ಟಕ್ಕ ಸೈ."

"ಭಟ್ಟಿಗೆ ಕೊಡಾಕ ನಮ್ಮ ಓಣ್ಯಾಗ ಯಾರಿಗೂ ಮನಸ್ಸಿಲ್ರಿ."

ಆಮೇಲೆ ಅವರು ನಿಂತೇ ಹೇಳಿದರು. "ನಾ ನೌಕರಿಗೆ ಬಂದ ವರ್ಷ ಹೆಣ್ಣಮಕ್ಕಳೆಲ್ಲ ಕೂಡಿ ಹಚ್ಚಿದ ಗಿಡಾ ಅವು. ಜಾಗಾ ನಮ್ಮ ಓಣಿಗೆ ಕೊಟ್ಟದ್ದಂತ ಕಾಗದ ಇತ್ರಿ. ಕಾಗದ ಯಾರ್ ಓದತಾರ? ಒಬ್ಬರು ತಿಪ್ಪಿ ಹಾಕತಿದ್ರು, ಇನ್ನೊಬ್ಬರು ದನಾ ಕಟ್ಟತಿದ್ರು. ಗಿಡಾ ಎದ್ದು ನಿಂತ ಮ್ಯಾಲೆ ಬಿಟ್ರು. ಈಗ ಕಟ್ಟಡಕ್ಕ ಅವನ್ನ ತಗೀಲೇಬೇಕು. ತಗದ ಮ್ಯಾಲೆ ಅವು ಕಟ್ಟಡದ ಒಳಗ ಇರ್ಲಿ ಅಂತ ಮಂದಿ ಹೇಳತಾರ. ನಾಕ ಮಂದಿ ಬಡಿಗ್ಯಾರ ಆಗಲೇ ಇಲ್ಲ ಅಂದಾರ. ನೀವು ಐದನೇದವರು."

ನಾನು ಬಿಜಾಗರಿಯ ಸ್ಕ್ರೂ ಕೆಳಗಿಟ್ಟೆ. "ನೋಡೂಣು," ಅಂದೆ. ನಮ್ಮ ಕಡೆ ನೋಡೂಣು ಅಂದರೆ ಮುಕ್ಕಾಲು ಪಾಲು ಇಲ್ಲ ಎಂದೇ ಅರ್ಥ. ಸಿಸ್ಟರ್ ಅದನ್ನು ಹೂಂ ಅಂತ ತೆಗೆದುಕೊಂಡು ಹೋದರು.

ಎಂಟು ದಿನದ ಮೇಲೆ ಫೋನು ಬಂತು. ಬಬಲೇಶ್ವರದಿಂದ ಯಂತ್ರದ ಗರಗಸದವನು ಬಂದಿದ್ದಾನೆ, ಕಡಿಯಲು ಶುರು ಮಾಡಿದ್ದಾನೆ ಎಂದರು. ಟಿಕೋಟಾ ಮೇಲಿನ ಬಸ್ಸು ಹಿಡಿದು ನಾನು ತಲುಪುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಮೂರು ಮರ ಉರುಳಿದ್ದವು. ಎತ್ತಲು ಹಗುರಾಗಲಿ ಎಂದು ಆರಾರು ಅಡಿಗೆ ಕತ್ತರಿಸಿಯೂ ಇಟ್ಟಿದ್ದ. ಒಂದೊಂದು ದಿಮ್ಮಿಯ ತುದಿಯಲ್ಲೂ ನಡುವಿನಿಂದ ಅಂಚಿಗೆ ನಾಲ್ಕೈದು ಸೀಳು ಒಡೆದಿದ್ದವು. ಕಡಿದು ಎರಡು ತಾಸೂ ಆಗಿರಲಿಲ್ಲ. ಪಕ್ಕದಲ್ಲಿ ಕುಳಿತು ಕಿವಿಗೊಟ್ಟರೆ ಚಿಟ್ ಚಿಟ್ ಎಂದು ಒಡೆಯುವ ಸದ್ದು ಕೇಳುತ್ತಿತ್ತು.

ಉಳಿದ ಎಂಟು ಮರಗಳ ಕೆಲಸ ಅಲ್ಲಿಯೇ ನಿಲ್ಲಿಸಿದೆ. ಮರುದಿನ ಬೆಳಿಗ್ಗೆ ನನ್ನ ಎದುರಿಗೇ ಕಡಿಸಿದೆ. ಮರವನ್ನು ತುಂಡು ಮಾಡದೆ ಇಪ್ಪತ್ತು ಅಡಿಯ ಉದ್ದಕ್ಕೇ ಬಿಡಿಸಿದೆ. ಎಷ್ಟೇ ಉದ್ದವಿದ್ದರೂ ಸೀಳು ತುದಿಯಿಂದ ಒಂದೆರಡು ಅಡಿ ಒಳಗೆ ಹೋಗುತ್ತದೆ. ತುಂಡು ಹೆಚ್ಚಾದಷ್ಟೂ ತುದಿ ಹೆಚ್ಚು, ನಷ್ಟ ಹೆಚ್ಚು. ಕಡಿದ ಕೂಡಲೇ ತುದಿಗಳಿಗೆ ಡಾಂಬರು ಬಳಿದೆವು. ಡಾಂಬರು ಮುಗಿದಾಗ ಸಗಣಿ ಮೆತ್ತಿ, ಮೇಲೆ ಹಸಿ ಗೋಣಿ ಕಟ್ಟಿದೆವು. ಓಣಿಯ ಹೆಂಗಸರು ದಿನಕ್ಕೆ ಮೂರು ಸಲ ಆ ಗೋಣಿಗಳಿಗೆ ನೀರು ಚಿಮುಕಿಸಿದರು. ಮೊದಲ ಮೂರು ಮರದ ದಿಮ್ಮಿಗಳನ್ನು ಮಾತ್ರ ಟ್ರ್ಯಾಕ್ಟರಿನಲ್ಲಿ ವಿಜಯಪುರದ ಸಾ ಮಿಲ್ಲಿಗೆ ತಂದೆ.

ಮಿಲ್ಲಿನಲ್ಲಿ ಕೊಯ್ಯುವ ಹಿರಿಯರೊಬ್ಬರಿದ್ದಾರೆ. ನಾನು ಅವರನ್ನು ಕಾಕಾ ಎನ್ನುತ್ತೇನೆ. ಸಾಗವಾನಿ ಕೊಯ್ಯಿಸಿದ ಹಾಗೆಯೇ ಒಂದು ಕಡೆಯಿಂದ ಹಲಗೆ ಹಲಗೆಯಾಗಿ ತೆಗೆಯಲು ಹೇಳಿದೆ. ಕಾಕಾ ಏನೂ ಅನ್ನದೆ ದಿಮ್ಮಿಯನ್ನು ಗರಗಸದ ಗಾಡಿಯ ಮೇಲೇರಿಸಿದರು. ಎರಡನೆಯ ಹಲಗೆ ಬಿಡಿಸಿಕೊಳ್ಳುವಾಗಲೇ ಅದು ಬಿಲ್ಲಿನಂತೆ ಹೊರಕ್ಕೆ ಬಾಗಿತು. ಬ್ಲೇಡು ನಡುವಿಗೆ ಬರುತ್ತಿದ್ದಂತೆ ದಿಮ್ಮಿ ಢಬ್ ಎಂದು ಸೀಳಿ, ಒಂದು ಹೋಳು ಬ್ಲೇಡನ್ನು ಕಚ್ಚಿ ಹಿಡಿಯಿತು. ಕಾಕಾ ಮೋಟರು ಬಂದ್ ಮಾಡಿ ಬೀಡಿ ಹಚ್ಚಿದರು.

"ಇದರ ಹೊರಮೈ ಎಳೀತೈತಿ, ಒಳಮೈ ನೂಕತೈತಿ," ಅಂದರು. "ಗಿಡಾ ನಿಂತಾಗ ಎರಡೂ ಸಮ. ಒಂದ ಕಡೆಯಿಂದ ಕೊಯ್ಕೋಂತ ಹೋದ್ರ ಸಮ ತಪ್ಪತೈತಿ. ಒಂದ ಹಲಗಿ ಈ ಕಡೆ ತಗಿಬೇಕು, ದಿಮ್ಮಿ ಹೊಳ್ಳಿಸಿ ಒಂದ ಹಲಗಿ ಆ ಕಡೆ ತಗಿಬೇಕು. ನಡುವಿನ ತಿರುಳು ಬಿಟ್ಟಬಿಡಬೇಕು, ಅದು ಯಾತಕ್ಕೂ ಬರೂದಿಲ್ಲ."

"ಮೊದಲ ಯಾಕ ಹೇಳಲಿಲ್ರಿ ಕಾಕಾ?"

"ನೀ ಕೇಳಿದ್ಯೇನು?"

ಉಳಿದದ್ದನ್ನು ಅವರು ಹೇಳಿದಂತೆ ಕೊಯ್ದೆವು. ಪ್ರತಿ ಹಲಗೆಗೂ ಆ ಭಾರದ ದಿಮ್ಮಿಯನ್ನು ಕೊಕ್ಕೆ ಹಾಕಿ ಹೊರಳಿಸಬೇಕು. ಹಸಿ ನೀಲಗಿರಿಯ ತೂಕ ಎತ್ತಿದವರಿಗೇ ಗೊತ್ತು. ಸಂಜೆಗೆ ನನ್ನ ಭುಜ ನನ್ನದಲ್ಲದಂತಾಗಿತ್ತು. ಬೆವರು ಹತ್ತಿದ ಕಬ್ಬಿಣದ ಹಿಡಿ ತಾಗಿದಲ್ಲೆಲ್ಲ ಕಟ್ಟಿಗೆ ಕಪ್ಪಾಗಿತ್ತು, ಅಂಗೈ ಕೂಡ ಕಪ್ಪು. ಅಷ್ಟು ದುಡಿದರೂ ಮೂರು ಮರದಲ್ಲಿ ಕೈಗೆ ಹತ್ತಿದ್ದು ಅರ್ಧಕ್ಕಿಂತ ಕಡಿಮೆ. ಆದರೆ ಒಳ್ಳೆಯ ಹಲಗೆಯೊಂದನ್ನು ನೀರು ಒರೆಸಿ ಬೆಳಕಿಗೆ ಹಿಡಿದಾಗ ಅದರ ಕೆಂಪು ಕಂಡು ಸುಮ್ಮನೆ ನಿಂತೆ. ಮೂವತ್ತು ವರ್ಷ ಭಟ್ಟಿಗೆ ಹೋಗುವುದನ್ನೇ ನಾನು ಕಂಡ ಕಟ್ಟಿಗೆಯೊಳಗೆ ಇಂಥ ಬಣ್ಣವಿದ್ದದ್ದು ನನಗೆ ತಿಳಿದಿರಲಿಲ್ಲ.

ಮರುದಿನವೇ ಮಿಲ್ಲಿನ ಮೋಟರು ಸುಟ್ಟಿತು. ದುರಸ್ತಿಗೆ ಮೂರು ವಾರ ಬೇಕೆಂದರು. ಆ ಎಂಟು ದಿಮ್ಮಿಗಳು ಅಷ್ಟು ದಿನ ಬಿಸಿಲಲ್ಲಿ ಬಿದ್ದರೆ ಮುಗಿದಂತೆ. ನೀರಿನಲ್ಲಿ ಮುಳುಗಿಸಿಟ್ಟರೆ ಒಡೆಯುವುದಿಲ್ಲ, ಹುಳು ಹಿಡಿಯುವುದೂ ಕಡಿಮೆ ಎಂದು ಕಾಕಾ ಹೇಳಿದರು. ಹೊನವಾಡದ ಒಬ್ಬ ದ್ರಾಕ್ಷಿ ಬೆಳೆಗಾರರ ತೋಟದಲ್ಲಿ ಕಲ್ಲು ಕಟ್ಟಿದ ಹಳೆಯ ಹೊಂಡವಿತ್ತು. ಅವರ ಇಬ್ಬರು ಮಕ್ಕಳ ಹೆರಿಗೆ ಮಾಡಿಸಿದವರು ಸಿಸ್ಟರ್. ಸಿಸ್ಟರ್ ಕೇಳಿದರು, ಅವರು ಇಲ್ಲ ಅನ್ನಲಿಲ್ಲ. ದಿಮ್ಮಿಗಳನ್ನು ಹೊಂಡಕ್ಕೆ ಉರುಳಿಸಿದೆವು. ಎರಡು ತೇಲದೆ ಸೀದಾ ತಳಕ್ಕೆ ಹೋದವು.

ಒಂಬತ್ತನೆಯ ದಿನ ಬೆಳಗಿನ ಹೊತ್ತು ಬೆಳೆಗಾರರ ಫೋನು.

"ಬಡಿಗ್ಯಾರ, ಬಂದು ನೋಡ್ರಿ. ನೀರು ಚಹಾ ಆಗೇತಿ."

ಹೋಗಿ ನೋಡಿದೆ. ನಿಜಕ್ಕೂ ಹಾಲಿಲ್ಲದ ಚಹಾದ ಬಣ್ಣ. ಮರದ ಒಗರೆಲ್ಲ ನೀರಿಗಿಳಿದಿತ್ತು. ಕೊಯ್ಲು ಹತ್ತಿರವಿದ್ದ ಬಳ್ಳಿಗಳಿಗೆ ಆ ನೀರು ಬಿಡಲು ಅವರಿಗೆ ಧೈರ್ಯವಿರಲಿಲ್ಲ.

"ಬಳ್ಳಿಗೆ ಏನೂ ಆಗಾಕಿಲ್ಲ ಅಂತ ಬರದ ಕೊಡ್ತೀರೇನು?"

"ಇಲ್ರಿ. ನನಗ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರಲ, ಅಷ್ಟ ಸಾಕು. ನಾಳೆ ತಗೀರಿ."

ಅವರನ್ನು ದೂರುವಂತಿರಲಿಲ್ಲ. ಮರುದಿನ ಜೆಸಿಬಿ ತರಿಸಿ ದಿಮ್ಮಿಗಳನ್ನು ಎತ್ತಿಸಿದೆವು. ತಳಕ್ಕೆ ಹೋದ ಎರಡಕ್ಕೆ ಹಗ್ಗ ಕಟ್ಟಲು ನಾನೇ ನೀರಿಗಿಳಿದೆ. ಆಮೇಲೆ ನಾಲ್ಕು ದಿನ ಜ್ವರ. ಇಟ್ಟಂಗಿಹಾಳದ ಹತ್ತಿರದ ಇನ್ನೊಂದು ಮಿಲ್ಲಿನಲ್ಲಿ ಕಾಡಿ ಬೇಡಿ ಸರದಿ ಹಿಡಿದು, ಕಾಕಾನನ್ನೂ ಅಲ್ಲಿಗೆ ಕರೆತಂದು ಎರಡು ದಿನದಲ್ಲಿ ಎಂಟೂ ದಿಮ್ಮಿ ಕೊಯ್ದು ಮುಗಿಸಿದೆವು. ಮೇಜಿಗೆ ಒಂದೂವರೆ ಇಂಚಿನ ಹಲಗೆ, ಚೌಕಟ್ಟಿಗೆ ನಾಲ್ಕು ಇಂಚು ಅಗಲ, ಮೂರು ಇಂಚು ದಪ್ಪದ ತುಂಡು. ಅರ್ಧ ಕೆಡುತ್ತದೆ ಎಂದು ಕಾಕಾ ಎಚ್ಚರಿಸಿದ್ದರಿಂದ ಬೇಕಾದದ್ದಕ್ಕಿಂತ ಹೆಚ್ಚು ಕೊಯ್ದಿಟ್ಟೆ.

ಆಮೇಲೆ ಒಣಗಿಸುವ ಕೆಲಸ. ಒಣಗಿಸುವುದೆಂದರೆ ಸುಮ್ಮನೆ ಇಡುವುದು ಎಂದು ಜನ ತಿಳಿಯುತ್ತಾರೆ. ಅಂಗಡಿಯ ಹಿಂದಿನ ತಗಡಿನ ಕೆಳಗೆ ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಕಲ್ಲಿಟ್ಟು, ಹಲಗೆಯ ಮೇಲೆ ಹಲಗೆ, ನಡುವೆ ಎರಡು ಅಡಿಗೊಂದು ಪಟ್ಟಿ, ಪಟ್ಟಿಯ ಮೇಲೇ ಪಟ್ಟಿ ನೇರ ಬರುವಂತೆ ಅಟ್ಟಿ ಹಾಕಿದೆ. ಮೇಲೆ ಕಲ್ಲು ಹೇರಿದೆ. ಆದರೂ ಒಂದು ತಪ್ಪು ಮಾಡಿದೆ. ಅಟ್ಟಿ ತಗಡಿಗೆ ತೀರ ಹತ್ತಿರವಿತ್ತು. ಚೈತ್ರದಲ್ಲಿ ನಮ್ಮ ಕಡೆ ಬೀಸುವ ಗಾಳಿ ಒಲೆಯ ಬಾಯಿಂದ ಬಂದಂತೆ ಇರುತ್ತದೆ. ಹದಿನೈದು ದಿನದಲ್ಲಿ ಮೇಲಿನ ಎರಡು ಸಾಲು ಸೀಳಿದವು. ಕೆಲವು ಹಲಗೆಗಳ ಮೈ ಅಲ್ಲಲ್ಲಿ ಒಳಕ್ಕೆ ಕುಸಿದು ಬಟ್ಟೆ ಒಗೆಯುವ ಹಲಗೆಯಂತೆ ಗೆರೆಗೆರೆಯಾಯಿತು. ಅಟ್ಟಿಯನ್ನು ಪೂರ್ತಿ ಬಿಚ್ಚಿ, ಅಂಗಡಿಯ ಒಳಗೆ ಗಾಳಿ ಕಡಿಮೆ ಇರುವ ಗೋಡೆಗೆ ಮತ್ತೆ ಕಟ್ಟಿದೆ. ತುದಿಗಳಿಗೆ ಗೋಣಿ ಇಳಿಬಿಟ್ಟೆ. ತಿಂಗಳಿಗೊಮ್ಮೆ ಕೆಳಗಿನದು ಮೇಲೆ, ಮೇಲಿನದು ಕೆಳಗೆ. ಒಬ್ಬನೇ. ಊಟಕ್ಕೆ ಕುಳಿತರೆ ರೊಟ್ಟಿ ಮುರಿಯುವಾಗ ಭುಜ ಜುಮ್ಮೆನ್ನುತ್ತಿತ್ತು.

"ಅದು ಕಟ್ಟಿಗ್ಯೋ, ಸೊಸೀನೋ?" ಅಂತ ನನ್ನ ಹೆಂಡತಿ ಕೇಳಿದಳು. "ದಿನಾ ಎದ್ದು ಅದರ ಮಾರಿ ನೋಡ್ತೀರಿ."

ಮೇಜಿನ ಹಲಗೆಗಳು ಮೊದಲು ಹದಕ್ಕೆ ಬಂದವು. ಒಣಗಿದ ನೀಲಗಿರಿಗೆ ನೇರವಾಗಿ ಮೊಳೆ ಹೊಡೆದರೆ ಮೊಳೆ ಬಾಗುತ್ತದೆ, ಇಲ್ಲವೆ ಹಲಗೆ ಸೀಳುತ್ತದೆ. ಪ್ರತಿಯೊಂದಕ್ಕೂ ಮೊದಲು ತೂತು ಕೊರೆಯಬೇಕು. ಎಳೆ ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ಸುತ್ತಿರುವುದರಿಂದ ಮೈ ನುಣುಪು ಮಾಡಲು ರಂದಾ ಹಾಕಿದರೆ ಕಿತ್ತು ಬರುತ್ತದೆ. ಅಲಗನ್ನು ದಿನಕ್ಕೆ ನಾಲ್ಕೈದು ಸಲ ಮಸೆಯಬೇಕಾಗುತ್ತಿತ್ತು. ಆದರೆ ಒಮ್ಮೆ ಕೂಡಿಸಿದ ಮೇಲೆ ಮೇಜಿನ ಮೇಲೆ ನಾನೇ ನಿಂತು ಕುಣಿದರೂ ಅದು ಅಲುಗಲಿಲ್ಲ.

ಚೌಕಟ್ಟಿನ ಕೆಲಸದಲ್ಲಿ ನಾನು ಎಡವಿದೆ. ಓದುವ ಮನೆಯನ್ನು ವಿಜಯದಶಮಿಯ ದಿನ ತೆರೆಯುವುದೆಂದು ಓಣಿಯವರು ನಿಶ್ಚಯಿಸಿದ್ದರು. ಶ್ರಾವಣದಲ್ಲಿ ಸಿಸ್ಟರ್ ಬಂದು ಗಡುವು ನೆನಪಿಸಿದರು. ದಪ್ಪ ತುಂಡುಗಳನ್ನು ತಟ್ಟಿ ನೋಡಿದೆ, ಮೇಲೆ ಒಣ ಸದ್ದು. ಒಳಗೆ ಇನ್ನೂ ಹಸಿ ಇರಬಹುದು ಎಂಬ ಸಂಶಯ ಇತ್ತು. ಒಂದನ್ನು ನಡುವೆ ಕತ್ತರಿಸಿದ್ದರೆ ತಿಳಿಯುತ್ತಿತ್ತು. ಕತ್ತರಿಸಲಿಲ್ಲ. ಮುಗಿಸಿಬಿಡಬೇಕು ಅನ್ನಿಸಿತ್ತು. ಆರು ಕಿಟಕಿಯ ಚೌಕಟ್ಟು ಮಾಡಿ, ಗೋಡೆಯಲ್ಲಿ ಗಾರೆ ಹಾಕಿಸಿ ನಿಲ್ಲಿಸಿದೆ. ಎರಡು ಬಾಗಿಲಿನ ಚೌಕಟ್ಟು ಆಮೇಲೆ ಎಂದು ಬಿಟ್ಟೆ.

ಭಾದ್ರಪದದಲ್ಲಿ ಕಿಟಕಿಯ ಬಾಗಿಲು ಕೂರಿಸಲು ಹೋದಾಗ ಮೊದಲನೆಯದು ಮುಚ್ಚಲಿಲ್ಲ. ಮೂಲೆಯಿಂದ ಮೂಲೆಗೆ ದಾರ ಹಿಡಿದೆ. ಚೌಕಟ್ಟು ಅರ್ಧ ಇಂಚು ತಿರುಚಿತ್ತು. ಎರಡನೆಯದೂ ಹಾಗೇ. ಮೂರನೆಯದರ ಒಂದು ಕೂಡಿಕೆ ಬಾಯಿ ಬಿಟ್ಟಿತ್ತು. ಕಟ್ಟಡದಲ್ಲಿ ನಾನು ಒಬ್ಬನೇ ಇದ್ದೆ. ರಂದಾ ತೆಗೆದುಕೊಂಡು ಕಿಟಕಿಯ ಬಾಗಿಲನ್ನೇ ಆ ಸೊಟ್ಟಕ್ಕೆ ತಕ್ಕಂತೆ ಕೆತ್ತಿದೆ. ಮುಚ್ಚಿತು. ಎರಡನೆಯದನ್ನೂ ಹಾಗೆಯೇ ಮುಚ್ಚಿಸಿದೆ. ಬಾಯಿ ಬಿಟ್ಟ ಕೂಡಿಕೆಗೆ ಗರಗಸದ ಹೊಟ್ಟು, ಅಂಟು ಕಲಸಿ ತುಂಬಿದೆ. ಬಣ್ಣ ಬಳಿದರೆ ಯಾರಿಗೂ ಕಾಣುತ್ತಿರಲಿಲ್ಲ. ಉದ್ಘಾಟನೆಗೂ ನಡೆಯುತ್ತಿತ್ತು, ಒಂದು ವರ್ಷವೂ ನಡೆಯುತ್ತಿತ್ತೇನೋ. ಆಮೇಲೆ ಕೂಡಿಕೆ ಬಿಟ್ಟು ಕಿಟಕಿ ಜೋತು ಬೀಳುತ್ತಿತ್ತು. ಆಗ ನೀಲಗಿರಿಯ ಹಣೆಬರಹವೇ ಇಷ್ಟು, ಮೊದಲೇ ಹೇಳಿದ್ದೆನಲ್ಲ ಎಂದು ನಾನು ಹೇಳಬಹುದಾಗಿತ್ತು. ಹಾಗೆ ಹೇಳುವ ಮಾತು ಆಗಲೇ ನನ್ನ ಬಾಯಲ್ಲಿ ಸಿದ್ಧವಾಗಿ ಕೂತಿದೆ ಎಂದು ತಿಳಿದಾಗ ಕೈ ನಿಂತಿತು.

ರಂದಾ ಕೆಳಗಿಟ್ಟು ಸಿಸ್ಟರ್ ಮನೆಗೆ ಹೋದೆ. ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದರು.

"ಸಿಸ್ಟರ್, ಕಿಡಕಿ ಚೌಕಟ್ಟ ಎಲ್ಲಾ ಕಿತ್ತಬೇಕ್ರಿ."

ಅವರು ಮೊರ ಅಲ್ಲಾಡಿಸುವುದನ್ನು ನಿಲ್ಲಿಸಿದರು. "ಯಾಕ?"

"ಒಳಗ ಹಸಿ ಇತ್ತು. ನಾ ಅವಸರ ಮಾಡಿದೆ. ತಿರುವ್ಯಾವ. ಮೂರು ಮುಚ್ಚಿ ಹಾಕೇನಿ, ನಿಮಗ ಗೊತ್ತಾಗಬಾರದಂತ."

"ಗಾಯದಾಗ ಕೀವು ಇಟ್ಟು ಮ್ಯಾಲೆ ಪಟ್ಟಿ ಕಟ್ಟಿದ್ರಿ ಅನ್ರಿ."

"ಹೌದ್ರಿ."

ಅವರು ಮೊರ ಕೆಳಗಿಟ್ಟರು. ಆಮೇಲೆ ಬಂದ ಸಿಟ್ಟು ದೊಡ್ಡದು. "ದಸರಾಕ್ಕ ಇಪ್ಪತ್ತ ದಿನಾ ಉಳದಾವ. ಮಂದಿಗೆಲ್ಲಾ ಹೇಳೇವಿ. ನಿಮ್ಮ ಮಾತ ನಂಬಿ ಕಬ್ಬಣದ ಕಿಡಕಿ ಬ್ಯಾಡ ಅಂದೇನಿ ನಾನು. ಓಣ್ಯಾಗಿನ ಗಂಡಸರು ನನ್ನ ಮಾರಿ ಮ್ಯಾಲೆ ನಗತಾರ ಈಗ. ಎಲ್ಲಾರೂ ಆಗೂದಿಲ್ಲ ಅಂದಿದ್ರು, ನೀವೂ ಅಂದಿದ್ರಿ. ಅಂದಂಗ ಇರಬೇಕಿತ್ತು, ಇಲ್ಲಾ ಮಾಡಿದ್ದು ನೆಟ್ಟಗ ಮಾಡಬೇಕಿತ್ತು!"

ಅಷ್ಟು ಅಂದು ಸಿಸ್ಟರ್ ಎದ್ದು ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ನನ್ನ ಮುಂದಿಟ್ಟರು.

"ಮತ್ತ ಮಾಡಿದ್ರ ನಿಂದರತಾವೇನು? ಖರೆ ಹೇಳ್ರಿ."

"ದಪ್ಪ ತುಂಡು ನಿಂದರೂದಿಲ್ರಿ. ಒಂದೊಂದನ್ನೂ ಉದ್ದಕ ಎರಡು ಸೀಳಿ, ತೆಳ್ಳಗ ಮಾಡಿ ಪೂರಾ ಒಣಗಸಬೇಕು. ಆಮ್ಯಾಲೆ ಎರಡನ್ನೂ ಒಂದಕ್ಕೊಂದು ಬೆನ್ನು ಹಚ್ಚಿ, ಉಲ್ಟಾ ಸುಲ್ಟಾ ಕೂಡಸಬೇಕು. ಒಂದು ಈ ಕಡೆ ತಿರುವಾಕ ಹೋದ್ರ ಇನ್ನೊಂದು ಆ ಕಡೆ ಎಳೀತೈತಿ. ಐದಾರು ತಿಂಗಳು ಬೇಕು."

"ಹಂಗಾರ ಕಿಡಕಿ ಬಾಗಲಾ ಇಲ್ಲದ ತೆರೀತೀವಿ," ಅಂದರು ಸಿಸ್ಟರ್. ಮತ್ತೆ ಮೊರ ಕೈಗೆ ತೆಗೆದುಕೊಂಡರು. "ಕಿತ್ತರಿ, ಹೋಗ್ರಿ."

ಗಾರೆಯಿಂದ ಚೌಕಟ್ಟು ಕೀಳುವುದು ಕೂರಿಸುವುದಕ್ಕಿಂತ ಕಷ್ಟ. ಎರಡು ದಿನ ಹಿಡಿಯಿತು. ಓಣಿಯ ಜನ ಬಂದು ನಿಂತು ನೋಡಿದರು. ಕೆಲವರು ಏನೇನೋ ಅಂದರು. ಕಿತ್ತ ತುಂಡುಗಳಲ್ಲಿ ಒಳ್ಳೆಯವು ಬೆಂಚಿನ ಕಾಲಾದವು. ಗಟ್ಟಿಯಿದ್ದ ಚಿಕ್ಕ ತುಂಡುಗಳಿಂದ ಸಲಿಕೆ, ಕೊಡಲಿಯ ಹಿಡಿ ಮಾಡಿ ಓಣಿಯವರಿಗೆ ಕೊಟ್ಟೆ. ಆ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಕಟ್ಟಿಗೆ ನಾನು ಕಂಡಿಲ್ಲ.

ವಿಜಯದಶಮಿಯ ದಿನ ಓದುವ ಮನೆ ತೆರೆಯಿತು. ಗೋಡೆಯಲ್ಲಿ ಎಂಟು ಖಾಲಿ ಕಂಡಿಗಳು, ಒಳಗೆ ಆರು ಮೇಜು, ಹನ್ನೆರಡು ಬೆಂಚು. ಊರ ದೊಡ್ಡವರೊಬ್ಬರು ಬಾಗಿಲೆಲ್ಲಿ ಎಂದು ಕೇಳಿದಾಗ ಸಿಸ್ಟರ್, "ಒಣಗಾಕತ್ತಾವ್ರಿ," ಅಂದರು. ನನ್ನ ಹೆಸರು ಹೇಳಲಿಲ್ಲ. ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಅಂದಿನಿಂದ ಅವರು ದಿನಾ ಬೆಳಿಗ್ಗೆ ಪುಸ್ತಕದ ಎರಡು ಪೆಟ್ಟಿಗೆ ಮನೆಯಿಂದ ಹೊರಿಸಿ ತರುವುದು, ಸಂಜೆ ವಾಪಸು ಹೊರಿಸುವುದು. ಐದು ತಿಂಗಳು ಹಾಗೆ ನಡೆಯಿತು. ಮಂಜು ಬೀಳುವ ದಿನಗಳಲ್ಲಿ ಹುಡುಗಿಯರು ಶಾಲು ಹೊದ್ದು ಓದುತ್ತಿದ್ದರಂತೆ.

ನಾನು ಈ ಕಡೆ ಉಳಿದಿದ್ದ ತುಂಡುಗಳನ್ನೆಲ್ಲ ಸೀಳಿ ಮತ್ತೆ ಅಟ್ಟಿ ಕಟ್ಟಿದೆ. ಈ ಸಲ ಹದಿನೈದು ದಿನಕ್ಕೊಮ್ಮೆ ಒಂದು ತುಂಡನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ತೂಕ ಇಳಿಯುವುದು ನಿಲ್ಲುವವರೆಗೆ ಅದಕ್ಕೆ ಕೈ ಹಚ್ಚಲಿಲ್ಲ. ಮಾಘದ ಕೊನೆಗೆ ಮೂರು ಸಲ ತೂಗಿದರೂ ಒಂದೇ ತೂಕ ಬಂತು. ಬೆನ್ನಿಗೆ ಬೆನ್ನು ಹಚ್ಚಿ, ಅಂಟು ಹಾಕಿ, ಬೋಲ್ಟು ಬಿಗಿದೆ. ತೊಗಟೆಯ ಹತ್ತಿರದ ಬಿಳಿ ಕಟ್ಟಿಗೆಯ ಭಾಗವನ್ನೆಲ್ಲ ಕೆತ್ತಿ ತೆಗೆದೆ, ಹುಳು ಮೊದಲು ಹಿಡಿಯುವುದು ಅದನ್ನೇ. ಹೋಳಿ ಹುಣ್ಣಿಮೆಯ ಮೊದಲು ಆರು ಕಿಟಕಿ, ಎರಡು ಬಾಗಿಲು ಕೂತವು. ಸಿಸ್ಟರ್ ಒಂದೊಂದನ್ನೂ ತೆರೆದು ಮುಚ್ಚಿ ನೋಡಿದರು. ಛಲೋ ಆಗೇತಿ ಅಂತ ಕೂಡ ಅನ್ನಲಿಲ್ಲ. "ಮಳಿಗಾಲ ನೋಡೂಣು," ಅಂದರು.

ಆಷಾಢದಲ್ಲಿ ನಾಲ್ಕು ದಿನ ಬಿಡದೆ ಜಿನುಗು ಹಿಡಿಯಿತು. ಐದನೆಯ ದಿನ ಸಿಸ್ಟರ್ ಫೋನು. "ಬಡಿಗ್ಯಾರ, ಮೂಡಣ ಕಡೆಯ ಒಂದು ಕಿಡಕಿ ಬಿಗಿ ಹಿಡದೈತ್ರಿ." ಚೌಕಟ್ಟು ಮತ್ತೆ ತಿರುಚಿತು ಅಂದುಕೊಂಡೆ. ಹಿಂದಿನ ದಿನವಿಡೀ ಬೇರೊಂದು ಕಡೆ ದುಡಿದು ಮೈ ನುಗ್ಗಾಗಿತ್ತು. ಆದರೂ ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದೆ.

ಹೋಗಿ ಮೂಲೆಯಿಂದ ಮೂಲೆಗೆ ಅಳೆದೆ. ಚೌಕಟ್ಟು ಎಳ್ಳಷ್ಟೂ ತಿರುಚಿರಲಿಲ್ಲ. ಉಳಿದ ಐದನ್ನೂ ಅಳೆದೆ. ಎಲ್ಲ ನೇರ. ಮಳೆಗೆ ಕಿಟಕಿಯ ಬಾಗಿಲಿನ ಕೆಳಗಿನ ಪಟ್ಟಿ ಮಾತ್ರ ತುಸು ಉಬ್ಬಿತ್ತು.

"ಕೆತ್ತೂದಿಲ್ಲೇನ್ರಿ?" ಅಂದರು ಸಿಸ್ಟರ್.

"ಈಗ ಕೆತ್ತಿದ್ರ ಬ್ಯಾಸಗ್ಯಾಗ ಸಂದಿ ಬೀಳತೈತ್ರಿ. ಮಳಿ ಹೋದ ಮ್ಯಾಲೆ ತಾನ ಸಡ್ಲ ಆಗತೈತಿ."

"ಇಷ್ಟಕ್ಕ ಇಷ್ಟ ದೂರ ಬಂದ್ರಿ?"

"ನೀವು ಫೋನ್ ಮಾಡಿದ್ರಲ್ಲ."

ಮುಂದಿನ ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಹೊರಗೆ ಕೆಸರು, ಜಿನುಗು ನಿಂತಿರಲಿಲ್ಲ. ಒಳಗೆ ಎಂಟೊಂಬತ್ತು ಹುಡುಗಿಯರು ತಲೆ ಬಗ್ಗಿಸಿ ಓದುತ್ತಿದ್ದರು. ಕೊನೆಯ ಬೆಂಚಿನ ತುದಿಯಲ್ಲಿ ಕುಳಿತು ಮೇಜಿನ ಮೇಲೆ ಮೊಣಕೈ ಊರಿದೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚೋಣ ಅಂದುಕೊಂಡದ್ದು ನೆನಪಿದೆ.

ಎಚ್ಚರವಾದಾಗ ನನ್ನ ಕೆನ್ನೆ ಮೇಜಿನ ಹಲಗೆಗೆ ಒತ್ತಿತ್ತು. ಮಳೆ ನಿಂತು ಕಿಟಕಿಯಲ್ಲಿ ಇಳಿಬಿಸಿಲು ಬಿದ್ದಿತ್ತು. ಪಕ್ಕದಲ್ಲಿ ಪೊಲೀಸ್ ಪರೀಕ್ಷೆಗೆ ಓದುತ್ತಿದ್ದ ಹುಡುಗಿ ಪುಸ್ತಕದಿಂದ ತಲೆ ಎತ್ತಿ ಮೆಲ್ಲನೆ ಹೇಳಿದಳು.

"ಬಸ್ಸು ಹೋತ್ರಿ ಕಾಕಾ. ಅದರ ಹಿಂದಿಂದೂ ಹೋತು. ನಿಮ್ಮನ್ನ ಎಬ್ಬಸಬ್ಯಾಡ, ಯಾರೂ ಜೋರಾಗಿ ಓದಬ್ಯಾಡ್ರಿ ಅಂತ ಸಿಸ್ಟರ್ ಹೇಳ್ಯಾರ."